ಓಲ್ಡ್ ಗೋವಾದ ಕಾನ್ವೆಂಟ್ ಮ್ಯೂಸಿಯಂ: ಅರ್ಧ ದಿನದಲ್ಲಿ ಯಾವುದು ನೋಡೋಣ?

ಸಾಲಗಾಮೆ_ಸೊಸೆ:
ಮುಂದಿನ ವಾರ ಗೋವಾಕ್ಕೆ ಹೋಗ್ತಾ ಇದ್ದೇವೆ. ಅರಸೀಕೆರೆಯಲ್ಲಿ ವಾಸ್ಕೋ ರೈಲು ಹತ್ತಿ ಮಡಗಾಂವ್‌ನಲ್ಲಿ ಇಳಿಯೋದು. ನಾನು, ಮನೆಯವರು, ಮಕ್ಕಳಿಬ್ಬರು, ಜೊತೆಗೆ ನಮ್ಮ ಮಾವ. ಮಕ್ಕಳಿಗೆ ಬೀಚ್ ಬಿಟ್ಟು ಬೇರೇನೂ ಬೇಡ. ಮಾವ ಮಾತ್ರ ಹಳೇ ಕಲ್ಲು ಕಂಡರೆ ಅಲ್ಲೇ ಕೂತುಬಿಡುವ ಜನ, ಹಳೇಬೀಡಿಗೆ ಎಷ್ಟು ಸಲ ಹೋಗಿದ್ದಾರೋ ಅವರಿಗೇ ಲೆಕ್ಕವಿಲ್ಲ. ಹಾಗಾಗಿ ಶುಕ್ರವಾರ ಬೆಳಿಗ್ಗೆ ಓಲ್ಡ್ ಗೋವಾ ಅಂತ ಅವರಿಗೋಸ್ಕರ ಇಟ್ಟಿದ್ದೇವೆ. ಅಲ್ಲಿ ಹಳೇ ಕಾನ್ವೆಂಟ್ ಒಳಗೆ ಮ್ಯೂಸಿಯಂ ಇದೆ ಮಾವ ಅಂದೆ. "ಯಾವ ಸ್ಕೂಲಮ್ಮ ಅದು, ರಜೆಯಲ್ಲೂ ತೆಗೆದಿರ್ತಾರಾ?" ಅಂದರು!

ಈಗ ನೋಡಿದರೆ ಅಂಥವು ಎರಡಿವೆ. ನಮಗೆ ಒಂದಕ್ಕೇ ಟೈಮು. ಮಾವನಿಗೆ ಮಂಡಿನೋವು ಬೇರೆ. ಹೋಗಿಬಂದವರು ಹೇಳಿ, ಯಾವುದಕ್ಕೆ ಹೋಗೋಣ?

ಮಂಜ್ರಾಬಾದ್_ಮಳೆ:
ಅಕ್ಕ, ಮೊದಲು ಆ ಶುಕ್ರವಾರ ಬದಲಾಯಿಸಿ. ಪುರಾತತ್ವ ಇಲಾಖೆಯ ಮ್ಯೂಸಿಯಂಗೆ ಶುಕ್ರವಾರವೇ ರಜೆ. ನಾನು ಗೊತ್ತಿಲ್ಲದೆ ಹೋಗಿ ಬಾಗಿಲಿನ ಬೀಗದ ಮುಂದೆ ಫೋಟೋ ತೆಗೆಸಿಕೊಂಡು ಬಂದೆ, ಮಾರನೇ ದಿನ ಮತ್ತೆ ಬಸ್ ಚಾರ್ಜು.

ಮಾವನಿಗೆ ಅದೇ ಸರಿ. ಸೇ ಕೆಥೆಡ್ರಲ್ ಪಕ್ಕದಲ್ಲಿ ಸಂತ ಫ್ರಾನ್ಸಿಸ್ ಅಸಿಸಿ ಚರ್ಚ್ ಇದೆ, ಅದಕ್ಕೆ ಅಂಟಿಕೊಂಡಿರೋದೇ ಆ ಕಾನ್ವೆಂಟ್. ಅಲ್ಲಿದ್ದವರು ಸಿಸ್ಟರ್‌ಗಳಲ್ಲ, ಫ್ರಾನ್ಸಿಸ್ಕನ್ ಸನ್ಯಾಸಿಗಳು. ನಮ್ಮ ಕಡೆ ಮಠ ಅಂತೀವಲ್ಲ, ಹಾಗೆ. ಮಾವನಿಗೂ ಮಠ ಅಂತಲೇ ಹೇಳಿ, ತಟ್ಟನೆ ಅರ್ಥವಾಗುತ್ತದೆ. 1835ರಲ್ಲಿ ಪೋರ್ಚುಗೀಸ್ ಸರ್ಕಾರವೇ ಗೋವಾದ ಇಂಥ ಮಠಗಳನ್ನೆಲ್ಲ ಮುಚ್ಚಿಸಿತು. 1964ರಲ್ಲಿ ಇಲ್ಲಿ ಮ್ಯೂಸಿಯಂ ಆಯಿತು.

ಮಹಡಿ ಮೇಲೆ ವೈಸರಾಯ್‌ಗಳ, ಗವರ್ನರ್‌ಗಳ ಚಿತ್ರಗಳಿವೆ, ಸುಮಾರು 60. ಹತ್ತು ನೋಡೋ ಹೊತ್ತಿಗೆ ನನಗೆ ಆಕಳಿಕೆ ಬಂತು, ಎಲ್ಲರದೂ ಒಂದೇ ಗತ್ತು, ಗಡ್ಡ ಮಾತ್ರ ಬೇರೆ ಬೇರೆ. ಮಾವ ಮೆಟ್ಟಿಲು ಹತ್ತದಿದ್ದರೂ ನಷ್ಟವಿಲ್ಲ. ಕೆಳಗೆ ವೀರಗಲ್ಲುಗಳಿವೆ ನೋಡಿ, ಅಲ್ಲಿ ನಿಲ್ಲಿಸಿ. ನಮ್ಮ ಊರ ಕಡೆ ವೀರಗಲ್ಲು ಅಂದರೆ ದನ ಬಿಡಿಸಿಕೊಳ್ಳೋಕೆ ಹೋಗಿ ಸತ್ತವನು, ಕುದುರೆ ಮೇಲಿನವನು, ಹುಲಿ ಹೊಡೆದವನು, ಇಷ್ಟೇ ಅಲ್ವಾ? ಅಲ್ಲಿ ಒಂದರಲ್ಲಿ ಹಡಗು ಕೆತ್ತಿದ್ದಾರೆ! ಹಡಗಿನೊಳಗೆ ಆಳುಗಳು. ಬೇಲೂರಲ್ಲಿ ಬಳಪದ ಕಲ್ಲಿನ ಕುಸುರಿ ನೋಡಿದ ಕಣ್ಣಿಗೆ ಕೆಲಸ ಒರಟು ಅನ್ನಿಸಬಹುದು, ಆದರೆ ಸಮುದ್ರದಲ್ಲಿ ಹೋರಾಡಿ ಸತ್ತವನಿಗೆ ಕಲ್ಲು ನೆಟ್ಟಿದ್ದು ನಾನು ಅಲ್ಲಿಯವರೆಗೆ ನೋಡೇ ಇರಲಿಲ್ಲ. ಕದಂಬರದು. ನಮ್ಮ ಹಲ್ಮಿಡಿ ಶಾಸನದಲ್ಲಿ ಬರೋ ಕದಂಬರೇ.

ಕೊಪ್ಪದ_ಕಾಫಿ:
ನನ್ನ ಓಟು ಇನ್ನೊಂದಕ್ಕೆ. ಸಾಂತಾ ಮೋನಿಕಾ ಕಾನ್ವೆಂಟ್, 1627ರಲ್ಲಿ ಕಟ್ಟಿ ಮುಗಿಸಿದ್ದು. ಇದು ನಿಜವಾಗಿಯೂ ಸನ್ಯಾಸಿನಿಯರದ್ದು. ಜಂಬಿಟ್ಟಿಗೆಯ ದಪ್ಪ ಗೋಡೆ, ಕೋಟೆ ಥರ. ಅಲ್ಲಿ ಕ್ರಿಶ್ಚಿಯನ್ ಕಲೆಯ ಮ್ಯೂಸಿಯಂ ಇದೆ, ರಿಪೇರಿ ಮಾಡಿ 2022ರಲ್ಲಿ ಮತ್ತೆ ತೆಗೆದರು. ಬೆಳಕು, ಜೋಡಣೆ ಎಲ್ಲ ಅಚ್ಚುಕಟ್ಟು. ಅಲ್ಲೊಂದು ಹೆಜ್ಜಾರ್ಲೆ (ಪೆಲಿಕನ್ ಹಕ್ಕಿ) ಇದೆ, ಪೂಜೆಯ ಸಾಮಾನಿನ ಮೇಲೆ. ಅದು ತನ್ನ ಎದೆಯನ್ನೇ ಕುಕ್ಕಿಕೊಂಡು ಮರಿಗಳಿಗೆ ರಕ್ತ ಕುಡಿಸುತ್ತದೆ ಅನ್ನೋ ನಂಬಿಕೆ ಕ್ರೈಸ್ತರಲ್ಲಿ ಹಳೆಯದು, ಏಸುವಿಗೆ ಹೋಲಿಕೆ. ಕೊಕ್ಕರೆ ಬೆಳ್ಳೂರಲ್ಲಿ ಮೀನು ಕಕ್ಕಿ ಮರಿಗೆ ತಿನ್ನಿಸೋ ಹೆಜ್ಜಾರ್ಲೆ ನೋಡಿದವಳು ನಾನು, ಇದರ ಮುಂದೆ ಸುಮಾರು ಹೊತ್ತು ನಿಂತಿದ್ದೆ.

ಎದುರಿಗೇ ಸಂತ ಅಗಸ್ಟೀನ್ ಚರ್ಚಿನ ಗೋಪುರದ ಅವಶೇಷ. ನಿಮ್ಮ ಶೆಟ್ಟಿಹಳ್ಳಿ ಚರ್ಚು ಹೇಮಾವತಿ ನೀರಿಗೆ ಹಾಳಾಯಿತು, ಇದು ಬರೀ ನೋಡಿಕೊಳ್ಳೋರಿಲ್ಲದೆ. ಅಲ್ಲಿನ ಮಠ ಮುಚ್ಚಿ ಏಳೇ ವರ್ಷಕ್ಕೆ, 1842ರಲ್ಲಿ, ಚರ್ಚಿನ ಮಾಡು ಕುಸಿಯಿತು. ಆದರೆ ಈ ಕಾನ್ವೆಂಟು, ಗೋಪುರ ಎರಡೂ ಇರೋದು ಗುಡ್ಡದ ಮೇಲೆ, ಏರು ದಾರಿ. ಮಂಡಿನೋವು ಅಂದರೆ ಆಟೋದಲ್ಲೇ ಹೋಗಿ.

ತಾಮ್ರಪಟ:
ಮಂಜ್ರಾಬಾದ್ ಅವರೇ, ಒಂದು ಸಣ್ಣ ತಿದ್ದುಪಡಿ. ಹಲ್ಮಿಡಿಯವರು ಬನವಾಸಿ ಕದಂಬರು, ಸುಮಾರು 450ರ ಕಾಲ. ಗೋವಾ ಕದಂಬರು ಅದಾಗಿ ಐನೂರು ವರ್ಷದ ಮೇಲೆ ಬಂದವರು. ಹೆಸರು ಒಂದೇ ಅಂತ ಇಬ್ಬರನ್ನೂ ಒಂದೇ ಮಾಡಬೇಡಿ. ಗೋವಾ ಕದಂಬರ ಊರು ಬಂದರು ಪಟ್ಟಣ, ವ್ಯಾಪಾರವೆಲ್ಲ ನೀರ ಮೇಲೆ, ಕಲ್ಲಿನಲ್ಲಿ ಹಡಗು ಬರದೆ ಇನ್ನೇನು ಬರಬೇಕು? ಈ ಶಾಖೆಯವರೂ ಕನ್ನಡದಲ್ಲಿ ಶಾಸನ ಬರೆಸಿದ್ದಾರೆ, ಅದನ್ನು ಮಾವನಿಗೆ ಹೇಳಿ.

ಮಂಜ್ರಾಬಾದ್_ಮಳೆ:
ಒಪ್ಪಿದೆ ಸಾರ್. ಮೇಷ್ಟ್ರು ಇಲ್ಲೂ ಬಿಡಲ್ಲ 😄

ಸಾಲಗಾಮೆ_ಸೊಸೆ:
ಎಲ್ಲರಿಗೂ ಥ್ಯಾಂಕ್ಸ್. ಶುಕ್ರವಾರ ಬೀಚು, ಶನಿವಾರ ಮ್ಯೂಸಿಯಂ ಅಂತ ಅದಲು ಬದಲು ಮಾಡಿದೆ. ಹೆಜ್ಜಾರ್ಲೆ ನೋಡೋಕೆ ನನಗೇ ಆಸೆ, ಟೈಮ್ ಉಳಿದರೆ ಆಟೋ ಹತ್ತುತ್ತೇನೆ. ಹಡಗಿನ ವಿಷಯ ಹೇಳಿದ ಮೇಲೆ ಮಾವ ಊಟಕ್ಕೆ ಕರೆದರೂ ಬರುತ್ತಿಲ್ಲ, ಭೂತಗನ್ನಡಿ ಎಲ್ಲಿಟ್ಟೆ ಅಂತ ಬೀರು ಕೆದಕ್ತಾ ಇದ್ದಾರೆ.