ಶ್ರೀಲಂಕಾಕ್ಕೆ ನಮ್ಮ ಸೇನೆ ಹೋಗಿದ್ದು ಸರಿಯಾ? ಅಂತರರಾಷ್ಟ್ರೀಯ ಕಾನೂನಿನ ಮೇಷ್ಟ್ರ ಜೊತೆ ಪ್ರಶ್ನೋತ್ತರ

ಈ ವಾರದ ವಿಷಯ: 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿದ್ದ ಭಾರತೀಯ ಶಾಂತಿಪಾಲನಾ ಪಡೆ, ಅಂದರೆ ಐಪಿಕೆಎಫ್.

ಪ್ರಶ್ನೆ: ಸರ್, ಪಕ್ಕದ ದೇಶದ ಒಳಜಗಳಕ್ಕೆ ಸೈನ್ಯ ಕಳಿಸಿದ್ದು ಆಕ್ರಮಣ ಅಲ್ವಾ?

ಉತ್ತರ: ತಾರೀಖು ನೋಡಿ ಹೇಳಬೇಕು. 1987ರ ಜುಲೈ 29ಕ್ಕೆ ಮುಂಚೆ ಒಂದು ಲೆಕ್ಕ, ಆಮೇಲೆ ಇನ್ನೊಂದು.

ಮುಂಚಿನದು ಕಾನೂನಿಗೆ ಒಗ್ಗುವುದಿಲ್ಲ. 1983ರ ಜುಲೈನಲ್ಲಿ ಕೊಲಂಬೊ ಸುತ್ತಮುತ್ತ ತಮಿಳರ ಹತ್ಯಾಕಾಂಡ ನಡೆಯಿತು. ಅದಾದ ಮೇಲೆ ತಮಿಳು ಹೋರಾಟಗಾರರ ಗುಂಪುಗಳಿಗೆ ನಮ್ಮ ನೆಲದಲ್ಲೇ ತರಬೇತಿ, ಆಯುಧ ಎರಡೂ ಸಿಕ್ಕವು. ಇನ್ನೊಂದು ದೇಶದ ಬಂಡುಕೋರರಿಗೆ ಹೀಗೆ ಬೆಂಬಲ ಕೊಡುವುದು ತಪ್ಪು ಎಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 1986ರಲ್ಲೇ, ನಿಕರಾಗುವಾ ಮೊಕದ್ದಮೆಯಲ್ಲಿ ಅಮೆರಿಕದ ವಿರುದ್ಧ ತೀರ್ಪು ಕೊಟ್ಟಿತ್ತು. ಮುಂದಿನ ವರ್ಷ ಜೂನ್ 3ರಂದು, ಲಂಕಾದ ಉತ್ತರದಲ್ಲಿರುವ ತಮಿಳರ ಊರಾದ ಜಾಫ್ನಾದ ಜನರಿಗೆಂದು ನಾವು ದೋಣಿಗಳಲ್ಲಿ ಕಳಿಸಿದ ಆಹಾರ ಸಾಮಾನನ್ನು ಲಂಕಾದ ನೌಕಾಪಡೆ ತಡೆದು ವಾಪಸ್ ಕಳಿಸಿತು. ಮರುದಿನವೇ ಎಎನ್-32 ವಿಮಾನಗಳು ಬೆಂಗಳೂರಿನಿಂದ ಹೊರಟು, ಮಿರಾಜ್ ಯುದ್ಧವಿಮಾನಗಳ ಕಾವಲಿನಲ್ಲಿ, ಜಾಫ್ನಾ ಮೇಲೆ ಆ ಸಾಮಾನು ಹಾಕಿ ಬಂದವು. ಹಸಿದವರಿಗೆ ಅನ್ನ ಕೊಡಬಾರದಿತ್ತು ಎಂದು ನಾನು ಹೇಳಲಾರೆ. ಆದರೂ ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಆಕಾಶಕ್ಕೆ ನುಗ್ಗಿದ್ದು ನುಗ್ಗಿದ್ದೇ.

ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ, ಈ ಒಳಜಗಳ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕಿದರು. ಬೇಕೆನಿಸಿದರೆ ಲಂಕಾದ ಅಧ್ಯಕ್ಷರು ಭಾರತದ ಶಾಂತಿಪಡೆ ಕರೆಸಿಕೊಳ್ಳಬಹುದು ಎಂದು ಅದರ ಅನುಬಂಧದಲ್ಲಿತ್ತು. ಅವರು ಕರೆದರು, ಪಡೆ ಹೋಯಿತು. ಸರ್ಕಾರವೇ ಕರೆದ ಮೇಲೆ ಅದು ಆಕ್ರಮಣ ಆಗುವುದಿಲ್ಲ. ಮನಸಾರೆ ಕರೆದರಾ ಅನ್ನುವುದು ಬೇರೆ ಮಾತು. ಮರುದಿನ ಗೌರವ ವಂದನೆಯ ಸಾಲಿನಲ್ಲಿ ನಿಂತಿದ್ದ ಲಂಕಾ ನೌಕಾಪಡೆಯ ಸೈನಿಕನೊಬ್ಬ ರಾಜೀವ್ ಅವರಿಗೆ ಬಂದೂಕಿನ ಹಿಂಬದಿಯಿಂದ ಹೊಡೆದ. ಅಲ್ಲಿನ ಬಹುಸಂಖ್ಯಾತ ಸಿಂಹಳೀಯರಲ್ಲಿ ಅಷ್ಟು ಸಿಟ್ಟಿತ್ತು.

ಪ್ರಶ್ನೆ: ನಾವೇ ಬೆಳೆಸಿದ ತಮಿಳು ಹೋರಾಟಗಾರರ ಗುಂಪು ಎಲ್‌ಟಿಟಿಇ, ಅಂದರೆ ತಮಿಳು ಹುಲಿಗಳು, ನಮ್ಮ ಮೇಲೇ ಯಾಕೆ ತಿರುಗಿಬಿತ್ತು?

ಉತ್ತರ: ನನ್ನ ಪ್ರಕಾರ ಇಡೀ ಕಥೆಯ ಬೇರು ಇರುವುದು ಇಲ್ಲಿ. ಹೊಡೆದಾಡುತ್ತಿದ್ದದ್ದು ಲಂಕಾ ಸರ್ಕಾರ ಮತ್ತು ಹುಲಿಗಳು. ಸಹಿ ಹಾಕಿದ್ದು ಲಂಕಾ ಸರ್ಕಾರ ಮತ್ತು ನಾವು. ಅಣ್ಣತಮ್ಮಂದಿರ ಜಗಳದಲ್ಲಿ ತಮ್ಮನ ಸಹಿ ಇಲ್ಲದೆ ಪಂಚಾಯ್ತಿ ಮಾಡಿದವನೇ ಪತ್ರಕ್ಕೆ ಸಹಿ ಹಾಕಿದ ಹಾಗಾಯಿತು. ಆ ಪತ್ರದ ಪ್ರಕಾರ 72 ಗಂಟೆಯೊಳಗೆ ಆಯುಧ ಒಪ್ಪಿಸಬೇಕಾದವರು ಮಾತ್ರ ಹುಲಿಗಳು!

ಆಗಸ್ಟ್ 4ರಂದು ಜಾಫ್ನಾ ಹತ್ತಿರ ಹುಲಿಗಳ ನಾಯಕ ಪ್ರಭಾಕರನ್ ಭಾಷಣ ಮಾಡಿದರು. ತಮಿಳರ ರಕ್ಷಣೆಯ ಹೊಣೆ ಈಗ ಭಾರತದ್ದು ಎಂದರು. ಅದೇ ಬಾಯಲ್ಲಿ, ಪ್ರತ್ಯೇಕ ಈಳಂ, ಅಂದರೆ ತಮಿಳರದೇ ದೇಶ, ಒಂದೇ ಪರಿಹಾರ ಎಂದೂ ಹೇಳಿದರು. ಒಂದಿಷ್ಟು ಆಯುಧ ಒಪ್ಪಿಸಿ ಉಳಿದದ್ದನ್ನು ಇಟ್ಟುಕೊಂಡರು. ಅಕ್ಟೋಬರ್ ಶುರುವಿನಲ್ಲಿ ಲಂಕಾದ ನೌಕಾಪಡೆ ಸಮುದ್ರದಲ್ಲಿ 17 ಹುಲಿಗಳನ್ನು ಹಿಡಿಯಿತು. ಕೊಲಂಬೊಗೆ ಸಾಗಿಸುತ್ತೇವೆ ಎಂದಾಗ ಅವರು ಸಯನೈಡ್ ನುಂಗಿದರು. 12 ಜನ ಸತ್ತರು. ಅವರನ್ನು ಬಿಡಿಸಲು ನಮ್ಮಿಂದ ಆಗಲಿಲ್ಲ. ವಾರದೊಳಗೆ ನಮಗೂ ಹುಲಿಗಳಿಗೂ ಯುದ್ಧ ಹತ್ತಿಕೊಂಡಿತು.

ಪ್ರಶ್ನೆ: ನನ್ನ ಸೋದರಮಾವ ಐಪಿಕೆಎಫ್‌ನಲ್ಲಿದ್ದರು. ಜಾಫ್ನಾ ವಿಶ್ವವಿದ್ಯಾಲಯದ ಹೆಸರು ಎತ್ತಿದರೆ ಎದ್ದು ಹೋಗುತ್ತಾರೆ. ಅಲ್ಲಿ ಏನಾಯಿತು?

ಉತ್ತರ: ಅವರನ್ನು ಒತ್ತಾಯ ಮಾಡಬೇಡಿ. ಅಕ್ಟೋಬರ್ 11ರ ರಾತ್ರಿ ಎಲ್‌ಟಿಟಿಇ ನಾಯಕರನ್ನು ಹಿಡಿಯಲು ವಿಶ್ವವಿದ್ಯಾಲಯದ ಮೈದಾನಕ್ಕೆ ಎಂಐ-8 ಹೆಲಿಕಾಪ್ಟರ್‌ಗಳಲ್ಲಿ ಸೈನಿಕರನ್ನು ಇಳಿಸಿದರು. ನಮ್ಮ ರೇಡಿಯೊ ಮಾತು ಹುಲಿಗಳ ಕಿವಿಗೆ ಬಿದ್ದಿತ್ತು. ಕಾದು ಕುಳಿತಿದ್ದರು. ಹೆಲಿಕಾಪ್ಟರ್‌ಗಳಿಗೆ ಗುಂಡು ಬಿದ್ದು, ಹಿಂದೆ ಬರಬೇಕಿದ್ದವರು ಬರಲಾಗಲಿಲ್ಲ. 13ನೇ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನ ಮೈದಾನದಲ್ಲಿ ಒಂಟಿಯಾದರು. ಮರುದಿನ ಮದ್ದುಗುಂಡು ಮುಗಿಯುವ ತನಕ ಹೋರಾಡಿದರು. 29 ಜನ ಸತ್ತರು. ಒಬ್ಬ ಸೆರೆ ಸಿಕ್ಕ. ಶಾಂತಿ ಕಾಯಲು ಹೋದವರನ್ನು ಹೀಗೆ ದಿಢೀರನೆ ಯುದ್ಧಕ್ಕೆ ದೂಡಿದ್ದು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆ ಹುಡುಗರ ಮೇಲೆ ಯಾರೂ ತಪ್ಪು ಹೊರಿಸಬಾರದು.

ಪ್ರಶ್ನೆ: ಅಲ್ಲಿನ ಜನ ನಮ್ಮ ಪಡೆಯ ಮೇಲೆ ದೌರ್ಜನ್ಯದ ಆರೋಪ ಮಾಡುತ್ತಾರಲ್ಲ, ಸುಮ್ನೆ ಪ್ರಚಾರಾನಾ?

ಉತ್ತರ: ಪ್ರಚಾರ ಎಂದು ತಳ್ಳಿಹಾಕಬೇಡಿ. ಅದೇ ಅಕ್ಟೋಬರ್ 21ರಂದು, ದೀಪಾವಳಿ ದಿನ, ನಮ್ಮ ಸೈನಿಕರು ಜಾಫ್ನಾ ಆಸ್ಪತ್ರೆಯೊಳಗೆ ಹೋದರು. ಮರುದಿನದ ಹೊತ್ತಿಗೆ ರೋಗಿಗಳು, ವೈದ್ಯರು, ನರ್ಸ್‌ಗಳು ಸೇರಿ ಸುಮಾರು 70 ಜನ ಹೆಣವಾಗಿದ್ದರು. ಒಳಗಿಂದ ಹುಲಿಗಳು ಗುಂಡು ಹಾರಿಸಿದರು, ಚಕಮಕಿಯಲ್ಲಿ ಸತ್ತರು ಎಂದು ನಮ್ಮ ಕಡೆಯವರು ಹೇಳಿದರು. ಬದುಕುಳಿದ ಸಿಬ್ಬಂದಿ ಹೇಳಿದ್ದು ಬೇರೆಯೇ. ಒಂದು ಮಾತಂತೂ ಖಚಿತ: ಒಳಗೆ ಶತ್ರು ಇದ್ದಾನೆ ಎಂದ ಮಾತ್ರಕ್ಕೆ ಹಾಸಿಗೆ ಹಿಡಿದ ರೋಗಿಯನ್ನೂ ಆರೈಕೆ ಮಾಡುವವರನ್ನೂ ಕೊಲ್ಲಲು ಯುದ್ಧದ ನಿಯಮಗಳಾದ ಜಿನೀವಾ ಒಪ್ಪಂದಗಳು ಬಿಡುವುದಿಲ್ಲ. ನಮ್ಮ ಸೈನಿಕರ ತ್ಯಾಗ ನೆನೆಯುವಾಗ ಇದನ್ನು ಮುಚ್ಚಿಡಬೇಕಾಗಿಲ್ಲ.

ಪ್ರಶ್ನೆ: 1971ರಲ್ಲಿ ಗೆದ್ದವರು ಇಲ್ಲಿ ಯಾಕೆ ಸೋತೆವು?

ಉತ್ತರ: ಬಾಂಗ್ಲಾದಲ್ಲಿ ಜನ ನಮ್ಮ ಕಡೆ ಇದ್ದರು, ಗುರಿ ಒಂದೇ ಇತ್ತು. ಡಿಸೆಂಬರ್ 3ರಂದು ಪಾಕಿಸ್ತಾನವೇ ನಮ್ಮ ವಾಯುನೆಲೆಗಳ ಮೇಲೆ ದಾಳಿ ಮಾಡಿದ್ದರಿಂದ ಆತ್ಮರಕ್ಷಣೆಯ ಹಕ್ಕೂ ಇತ್ತು. 1972ರ ಮಾರ್ಚ್‌ಗೆಲ್ಲ ನಮ್ಮ ಸೇನೆ ಅಲ್ಲಿಂದ ಹೊರಗೆ ಬಂದಿತ್ತು. ಲಂಕಾದಲ್ಲಿ ಇದ್ಯಾವುದೂ ಇರಲಿಲ್ಲ.

ಪ್ರಶ್ನೆ: ಕೆಲಸ ಮುಗಿಯುವ ಮುಂಚೆಯೇ ವಾಪಸ್ ಬಂದದ್ದು ಯಾಕೆ?

ಉತ್ತರ: ಕರೆದವರೇ ಹೋಗಿ ಎಂದರು. ಜಯವರ್ಧನೆ ನಂತರ ಅಧ್ಯಕ್ಷರಾದ ಪ್ರೇಮದಾಸ, 1989ರ ಜುಲೈ ಕೊನೆಗೆ ಜಾಗ ಖಾಲಿ ಮಾಡಿ ಎಂದು ಗಡುವು ಕೊಟ್ಟರು. ನಮ್ಮನ್ನು ಓಡಿಸಲು ಹುಲಿಗಳಿಗೇ ಗುಟ್ಟಾಗಿ ಆಯುಧ ಕೊಡಿಸಿದರು. ಒಪ್ಪಿಗೆಯ ಮೇಲೆ ನಿಂತ ಸೈನ್ಯಕ್ಕೆ ಒಪ್ಪಿಗೆ ಹೋದರೆ ಕಾನೂನಿನ ಆಧಾರವೂ ಹೋಗುತ್ತದೆ. ಎಳೆದಾಟ ಜಾಸ್ತಿಯೇ ಆಯಿತು. 1990ರ ಮಾರ್ಚ್ 24ರಂದು ಕೊನೆಯ ತಂಡ ತ್ರಿಂಕೋಮಲಿಯಿಂದ ಹಡಗು ಹತ್ತಿತು. ಅಷ್ಟರಲ್ಲಿ ನಮ್ಮ ಸುಮಾರು 1,200 ಸೈನಿಕರು ಸತ್ತಿದ್ದರು. ಜೂನ್‌ನಲ್ಲೇ ಪ್ರೇಮದಾಸ ಸರ್ಕಾರಕ್ಕೂ ಹುಲಿಗಳಿಗೂ ಮತ್ತೆ ಯುದ್ಧ. 1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ರಾಜೀವ್ ಅವರನ್ನು ಹುಲಿಗಳು ಕೊಂದರು. 1993ರ ಮೇ 1ರಂದು ಪ್ರೇಮದಾಸರನ್ನೂ ಬಿಡಲಿಲ್ಲ.

ಪ್ರಶ್ನೆ: ಆ ಒಪ್ಪಂದದಲ್ಲಿ ಏನಾದರೂ ಉಳಿದಿದೆಯಾ?

ಉತ್ತರ: ಲಂಕಾ ಸಂವಿಧಾನದ 13ನೇ ತಿದ್ದುಪಡಿ ಉಳಿದಿದೆ. ಪ್ರಾಂತೀಯ ಮಂಡಳಿಗಳು ಬಂದದ್ದು ಅದರಿಂದಲೇ. ತಮಿಳಿಗೂ ಅಧಿಕೃತ ಭಾಷೆಯ ಸ್ಥಾನ ಸಿಕ್ಕಿತು. ಆದರೆ ಪೊಲೀಸ್ ಮತ್ತು ಭೂಮಿಯ ಅಧಿಕಾರ ಕಾಗದದ ಮೇಲೆಯೇ ಇದೆ. ಒಪ್ಪಂದದಂತೆ ಉತ್ತರ, ಪೂರ್ವ ಪ್ರಾಂತ್ಯಗಳನ್ನು ಒಂದು ಮಾಡಿದ್ದು ಸಿಂಧುವಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಆ ಜೋಡಣೆ ಬೇಕೋ ಬೇಡವೋ ಎಂದು ಪೂರ್ವದ ಜನರನ್ನೇ ಕೇಳಲು 1988ರ ಕೊನೆಯೊಳಗೆ ಜನಮತ ನಡೆಯಬೇಕಿತ್ತು. ಅದು ನಡೆಯಲೇ ಇಲ್ಲ.