ಕೊರಿಯಾದ ಬ್ಲಡ್‌ಹೌಂಡ್ಸ್ ಸರಣಿ ಮುಗಿಸಿದೆ. ಚೆನ್ನಾಗಿದೆ, ಆದ್ರೆ ಮನಸ್ಸಿಗೆ ಹತ್ತಲಿಲ್ಲ. ನಿಮಗೂ ಹೀಗೇನಾ?

ಅರ್ಧ_ಲೋಟ_ಕಾಫಿ

ಶನಿವಾರ ರಾತ್ರಿ ಶುರು ಮಾಡಿ ಭಾನುವಾರ ಸಂಜೆಗೆ ಎಂಟೂ ಸಂಚಿಕೆ ಮುಗಿಸಿದೆ. ಊಟಕ್ಕೆ, ನಿದ್ದೆಗೆ ಎದ್ದಿದ್ದು ಬಿಟ್ಟರೆ ಸೋಫಾದಿಂದ ಕದಲಲಿಲ್ಲ. ಹಾಗಿದ್ದ ಮೇಲೆ ಇಷ್ಟವಾಯಿತು ಅಂತಾನೇ ಅಲ್ವಾ? ಆದರೆ ಸೋಮವಾರ ಆಫೀಸಿನಲ್ಲಿ ಪಕ್ಕದ ಸೀಟಿನವನು "ಹೇಗಿದೆ, ನೋಡಬಹುದಾ?" ಅಂದಾಗ ನನ್ನ ಬಾಯಿಂದ ಬಂದಿದ್ದು "ಪರವಾಗಿಲ್ಲ, ನೋಡು" ಅಷ್ಟೇ. ಆ ಪರವಾಗಿಲ್ಲ ಯಾಕೆ ಬಂತು ಅಂತ ಎರಡು ದಿನದಿಂದ ಯೋಚನೆ ಮಾಡ್ತಾ ಇದ್ದೇನೆ.

ಮುಂದೆ ಕಥೆ ಪೂರ್ತಿ ಬಿಚ್ಚಿಡ್ತೀನಿ, ನೋಡದವರು ಇಲ್ಲೇ ವಾಪಸ್ ಹೋಗಿ.

2020ರ ಕೊರೊನಾ ಕಾಲ, ಸಿಯೋಲ್. ಗನ್-ವೂ ಬಾಕ್ಸರ್. ಅಮ್ಮನಿಗೆ ಒಂದು ಸಣ್ಣ ಕೆಫೆ, ಗಿರಾಕಿಗಳೇ ಇಲ್ಲ. ಆಕೆ ಸಾಲ ಮಾಡ್ತಾಳೆ. ಸಾಲ ಕೊಟ್ಟಿದ್ದು ಸ್ಮೈಲ್ ಕ್ಯಾಪಿಟಲ್ ಅನ್ನೋ ಕಂಪನಿ, ಹೆಸರಲ್ಲೇ ನಗು ಬೇರೆ! ಸಹಿ ಹಾಕಿಸಿಕೊಂಡ ಕಾಗದದಲ್ಲಿ ಏನಿತ್ತು ಅಂತ ಆಕೆಗೆ ಗೊತ್ತಾಗುವ ಹೊತ್ತಿಗೆ ಪುಂಡರು ಕೆಫೆಗೆ ನುಗ್ಗಿ ಗಾಜು, ಮೇಜು ಎಲ್ಲ ಪುಡಿ ಮಾಡಿರ್ತಾರೆ. ಗನ್-ವೂ ಒಬ್ಬನೇ ಹಲವರನ್ನು ಹೊಡೆದು ಹಾಕ್ತಾನೆ, ಆದರೂ ಸೋಲ್ತಾನೆ, ಯಾಕಂದ್ರೆ ಸಾಲ ಹಾಗೇ ಇದೆ. ಈ ಮೊದಲ ಸಂಚಿಕೆ ನನಗೆ ತುಂಬಾ ಹಿಡಿಸಿತು. ಬಲ ಇದ್ದೂ ಏನೂ ಮಾಡಕ್ಕಾಗದ ಹುಡುಗ. ಮಾಸ್ಕ್ ಹಾಕಿಕೊಂಡು ಓಡಾಡುವ ಜನ, ಖಾಲಿ ಅಂಗಡಿಗಳು. ಆ ದಿನಗಳನ್ನು ಬೇರೆ ಧಾರಾವಾಹಿಗಳು ಮರೆತೇ ಬಿಟ್ಟಿವೆ, ಇದು ಮರೆತಿಲ್ಲ.

ಗೆಳೆತನವೂ ಚೆನ್ನಾಗಿದೆ. ಫೈನಲ್‌ನಲ್ಲಿ ಎದುರಾಳಿಯಾಗಿದ್ದ ವೂ-ಜಿನ್ ಮ್ಯಾಚ್ ಮುಗಿದ ಮೇಲೆ ದೋಸ್ತಿ ಆಗ್ತಾನೆ, ಇಬ್ಬರೂ ಮೆರೈನ್ ಸೇನೆಯಲ್ಲಿ ಇದ್ದವರು ಅಂತ ಗೊತ್ತಾದ ಮೇಲಂತೂ ಮುಗೀತು, ಬಿಟ್ಟಿರಲ್ಲ. ಫೈಟ್‌ಗಳ ಬಗ್ಗೆ ಎರಡು ಮಾತಿಲ್ಲ. ಹೊಟ್ಟೆಗೆ ಪಂಚ್ ಬಿದ್ದಾಗ ಎದುರಿನವನ ಉಸಿರು ನಿಲ್ಲೋದು ನಮಗೇ ಗೊತ್ತಾಗುತ್ತದೆ.

ಆಮೇಲೆ ಎಲ್ಲೋ ಕೈ ತಪ್ಪಿತು. ಏಳನೇ ಸಂಚಿಕೆಗೆ ಬರುವಾಗ ಬೇರೆ ಯಾರೋ ಬರೆದ ಹಾಗೆ ಅನಿಸಿತು. ನನಗೆ ಮಾತ್ರಾನಾ?

ಪಾಪ್‌ಕಾರ್ನ್_ಪರಮೇಶಿ

ನಿಮಗೆ ಮಾತ್ರ ಅಲ್ಲ. ಅದಕ್ಕೆ ಕಾರಣವೂ ಇದೆ.

ಈ ಇಬ್ಬರ ಜೊತೆ ಸೇರುವ ಹುಡುಗಿ ಹ್ಯೊನ್-ಜು ಪಾತ್ರ ಮಾಡಿದ ಕಿಮ್ ಸೇ-ರೋನ್ 2022ರ ಮೇ ತಿಂಗಳಲ್ಲಿ ಕುಡಿದು ಕಾರು ಓಡಿಸಿ ಅಪಘಾತ ಮಾಡಿಕೊಂಡರು. ಆಗಲೇ ಚಿತ್ರೀಕರಣದ ಬಹುಪಾಲು ಮುಗಿದಿತ್ತು. ಕೊರಿಯಾದಲ್ಲಿ ಇಂಥದ್ದಕ್ಕೆ ಜನ ಸುಲಭವಾಗಿ ಕ್ಷಮಿಸಲ್ಲ. ನಿರ್ದೇಶಕ ಕಿಮ್ ಜೂ-ಹ್ವಾನ್ ಆಕೆಯ ಭಾಗವನ್ನು ಆದಷ್ಟು ಕತ್ತರಿಸಿ ಕೊನೆಯ ಎರಡು ಸಂಚಿಕೆಗಳನ್ನು ಬದಲಾಯಿಸಿ ಬರೆಯಬೇಕಾಯಿತು. ಆರನೇ ಸಂಚಿಕೆಯವರೆಗೆ ಬೈಕ್ ಓಡಿಸಿಕೊಂಡು, ಬೆನ್ನಟ್ಟಿಕೊಂಡು ಕಥೆಯ ಅರ್ಧ ಭಾರ ಹೊತ್ತಿದ್ದ ಹುಡುಗಿ ಏಳರಿಂದ ಹೆಚ್ಚುಕಡಿಮೆ ಮಾಯ. ಮೂರು ಕಾಲಿನ ಸ್ಟೂಲ್‌ನಲ್ಲಿ ಒಂದು ಕಾಲು ಕಿತ್ತ ಹಾಗೆ. 2023ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದಾಗಲೇ ಎಲ್ಲರೂ ಇದನ್ನೇ ಹೇಳಿದ್ದರು.

ಆಕೆ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. 24 ವರ್ಷ. ಆ ಸುದ್ದಿ ಬಂದ ಮೇಲೆ ನಾನು ಇನ್ನೊಂದು ಸಲ ನೋಡಿದೆ, ಕತ್ತರಿ ಆಡಿಸಿದ ಜಾಗಗಳು ಕಣ್ಣಿಗೆ ಚುಚ್ಚಿದವು. ಹಾಗಾಗಿ ಕೊನೆಯ ಎರಡು ಸಂಚಿಕೆ ಬಗ್ಗೆ ಜಾಸ್ತಿ ಬೈಯಲು ನನಗೆ ಮನಸ್ಸು ಬರಲ್ಲ.

ಕಿರಾಣಿ_ಹುಡುಗ

ಪರಮೇಶಿ ಅವರು ಹೇಳಿದ್ದು ನಿಜ, ಆದರೆ ನನಗೆ ಅದು ಪೂರ್ತಿ ಕಾರಣ ಅನಿಸಲ್ಲ. ಅದಕ್ಕೂ ಮುಂಚೆನೇ ಸರಣಿ ದಾರಿ ತಪ್ಪಿತ್ತು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ನಮ್ಮ ತಂದೆಗೆ ತಾಲ್ಲೂಕು ಕೇಂದ್ರದಲ್ಲಿ ಕಿರಾಣಿ ಅಂಗಡಿ. ನಾನು ಪಿಯುಸಿ ಓದುವಾಗ ಮೀಟರ್ ಬಡ್ಡಿಗೆ ಐವತ್ತು ಸಾವಿರ ತಂದಿದ್ದರು. ಕೈಗೆ ಬಂದಿದ್ದು ನಲವತ್ತೈದು, ಮೊದಲ ತಿಂಗಳ ಬಡ್ಡಿ ಅಲ್ಲೇ ಮುರಿದುಕೊಂಡು. ಜೊತೆಗೆ ಸಹಿ ಮಾಡಿದ ಖಾಲಿ ಚೆಕ್ ಎರಡು. ಎರಡು ಕಂತು ತಪ್ಪಿದವು. ಯಾರೂ ಬಂದು ಗಾಜು ಒಡೆಯಲಿಲ್ಲ. ಒಬ್ಬ ಮನುಷ್ಯ ದಿನಾ ಸಂಜೆ ಆರಕ್ಕೆ ಬರ್ತಿದ್ದ. ಗಲ್ಲಾ ಪಕ್ಕದ ಸ್ಟೂಲ್ ಮೇಲೆ ಕೂರ್ತಿದ್ದ. ಅಪ್ಪನೇ ಟೀ ತರಿಸಬೇಕು. ಅವನು ಕುಡೀತಾ, ಬಂದ ಗಿರಾಕಿಗಳನ್ನು ನೋಡ್ತಾ ಒಂದು ಗಂಟೆ ಕೂತು ಹೋಗ್ತಿದ್ದ. ಒಂದು ಮಾತಿಲ್ಲ. ಅಪ್ಪ ಸಕ್ಕರೆ ತೂಗುವಾಗ ಕೈ ನಡುಗುತ್ತಿತ್ತು. ಕೊನೆಗೆ ಅಮ್ಮನ ಬಳೆ ಹೋದವು, ಅವನೂ ಹೋದ.

ಅದಕ್ಕೇ ನನಗೆ ಮೊದಲ ಸಂಚಿಕೆಯಲ್ಲಿ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಆ ಕಾಗದ. ಪುಂಡರಲ್ಲ. ಅಮ್ಮ ಸಹಿ ಹಾಕಿದ ಕಾಗದ. ಸ್ಮೈಲ್ ಕ್ಯಾಪಿಟಲ್‌ನ ಯಜಮಾನ ಕಿಮ್ ಮ್ಯೊಂಗ್-ಗಿಲ್ ಪಾತ್ರದಲ್ಲಿ ಪಾರ್ಕ್ ಸಂಗ್-ವೂಂಗ್ ಅಷ್ಟು ಚೆನ್ನಾಗಿ ಮಾಡಿದ್ದಾರೆ, ಆ ಮನುಷ್ಯ ಕಾಗದದಿಂದ ಕೊಲ್ಲುವವನು ಅಂತ ನಾನು ಅಂದುಕೊಂಡೆ. ಆದರೆ ಮೂರು, ನಾಲ್ಕು ಸಂಚಿಕೆ ಆಗುವ ಹೊತ್ತಿಗೆ ಅವನು ಮಾಮೂಲಿ ವಿಲನ್. ಚಾಕು, ಕಾರು, ಆಳುಕಾಳು. ಸಾಲಗಾರರು ಕಾಣೆ! ಕೆಫೆ ಇಟ್ಟ ಅಮ್ಮ ಕೂಡ ಪಕ್ಕಕ್ಕೆ ಸರಿದಳು. ಆಮೇಲೆ ಉಳಿದಿದ್ದು ಯಾರ ಮುಷ್ಟಿ ಗಟ್ಟಿ ಅನ್ನೋದಷ್ಟೇ. ಮುಷ್ಟಿ ಜಗಳ ನೋಡಲು ಮಜಾ, ಇಲ್ಲ ಅನ್ನಲ್ಲ. ಆದರೆ ಆ ಕಾಗದವನ್ನು ಗುದ್ದಿ ಸೋಲಿಸಕ್ಕಾಗಲ್ಲ ಅಂತ ಸರಣಿ ತಾನೇ ಮೊದಲು ಹೇಳಿ, ಆಮೇಲೆ ತಾನೇ ಮರೆತುಬಿಟ್ಟಿತು.

ಹಿರಿಯ ಚೋಯ್ ವಿಷಯವೂ ಹಾಗೇ. ಒಂದು ಕಾಲಕ್ಕೆ ದೊಡ್ಡ ಬಡ್ಡಿ ವ್ಯಾಪಾರಿ, ಈಗ ಕಷ್ಟದಲ್ಲಿರುವ ಬಡವರಿಗೆ ಬಡ್ಡಿ ಇಲ್ಲದೆ ಸಾಲ ಕೊಡ್ತಾನೆ. ಎಷ್ಟು ಒಳ್ಳೆ ಪಾತ್ರ! ಆ ಪಾತ್ರ ಮಾಡಿದ ಹೂ ಜೂನ್-ಹೋ ಮುಖ ನೋಡಿದರೇ ಹಳೆ ಪಾಪ ಕಾಣುತ್ತದೆ. ಆ ಹಳೆ ಲೆಕ್ಕ ಏನು, ಯಾರ ಮನೆ ಹಾಳಾಗಿತ್ತು, ಅದರೊಳಗೆ ಸರಣಿ ಇಳಿಯಲೇ ಇಲ್ಲ. ಸುಮ್ನೆ ದೇವರು ಮಾಡಿ ಕೂರಿಸಿ, ಆರನೇ ಸಂಚಿಕೆಯಲ್ಲಿ ಕೊಂದರು.

ಅಂದಹಾಗೆ ಕೊರಿಯಾದಲ್ಲಿ 2021ರ ಜುಲೈನಿಂದ ಬಡ್ಡಿಯ ಮಿತಿ ವರ್ಷಕ್ಕೆ 20 ಪರ್ಸೆಂಟ್, ಅದಕ್ಕೂ ಮೊದಲು 24 ಇತ್ತು. ಅಂದರೆ ಕಥೆ ನಡೆಯೋ ಕಾಲದಲ್ಲಿ 24. ಅಪ್ಪ ಕೊಡ್ತಿದ್ದದ್ದು ತಿಂಗಳಿಗೆ ಹತ್ತು. ನಮ್ಮಲ್ಲಿ ಮೈಕ್ರೊ ಫೈನಾನ್ಸ್ ಕಿರುಕುಳಕ್ಕೆ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತಂದಾಗ ಅಪ್ಪ ಪೇಪರ್ ಎರಡು ಸಲ ಓದಿ ಮಡಚಿಟ್ಟರು, ಏನೂ ಹೇಳಲಿಲ್ಲ.

ಕಡಲ_ಕಡೆಯವ

ಮಾರಾಯ್ರೆ, ನೀವೆಲ್ಲ ಬಾಕ್ಸಿಂಗ್ ಸರಣಿಯಲ್ಲಿ ಅರ್ಥಶಾಸ್ತ್ರ ಹುಡುಕುವುದಾ?

ಕಿರಾಣಿಯವರ ಮಾತು ಓದಿ ಬೇಸರವಾಯಿತು, ಅದು ಬೇರೆ. ಆದರೆ ಇದು ವೆಬ್‌ಟೂನ್, ಅಂದರೆ ಆನ್‌ಲೈನ್ ಕಾಮಿಕ್ಸ್ ಆಧರಿಸಿದ ಸರಣಿ. ಇಬ್ಬರು ಒಳ್ಳೆ ಹುಡುಗರು, ಒಬ್ಬ ಕೆಟ್ಟವ, ಕೊನೆಗೆ ಗುದ್ದಾಟ. ನನಗೆ ಅದೇ ಬೇಕಿತ್ತು, ಅದೇ ಸಿಕ್ಕಿತು. ಕೊರಿಯಾದಲ್ಲಿ ಸಾಮಾನ್ಯ ಜನರ ಕೈಗೆ ಬಂದೂಕು ಸಿಗುವುದಿಲ್ಲ, ಬೇಟೆಯ ಬಂದೂಕನ್ನೂ ಪೊಲೀಸ್ ಠಾಣೆಯಲ್ಲಿ ಇಡಬೇಕು. ಹಾಗಾಗಿ ಅವರ ಪುಂಡರು ಬ್ಯಾಟು, ಚಾಕು ಹಿಡಿದು ಬರ್ತಾರೆ, ನಾಯಕ ಹತ್ತಿರ ಹೋಗಿಯೇ ಹೊಡೆಯಬೇಕು. ಇಪ್ಪತ್ತು ಅಡಿ ದೂರದಿಂದ ಢಂ ಅನ್ನಿಸಿ ಮುಗಿಸಲಿಕ್ಕೆ ಆಗುವುದಿಲ್ಲ. ಆ ಹತ್ತಿರದ ಮಜಾ ಬೇರೆ ಎಲ್ಲಿ ಸಿಗುತ್ತದೆ?

ಇನ್ನೊಂದು ವಿಷಯ. ಗನ್-ವೂ ಆ ವೂ-ಜಿನ್‌ನನ್ನು "ಹ್ಯಂಗ್" ಅಂತ ಕರೀತಾನೆ, ಅಂದರೆ ಅಣ್ಣ. ಇಂಗ್ಲಿಷ್ ಸಬ್‌ಟೈಟಲ್‌ಗಳಲ್ಲಿ ಸಾಮಾನ್ಯವಾಗಿ ಅದು ಬರೀ ಹೆಸರಾಗಿಬಿಡುತ್ತದೆ. ಅಕ್ಷರ ಓದದೆ ಕಿವಿ ಕೊಟ್ಟು ಕೇಳಿ. ಪೆಟ್ಟು ತಿಂದು ಬಿದ್ದಾಗ "ಅಣ್ಣಾ" ಅಂತ ಕೂಗುವುದಕ್ಕೂ ಹೆಸರು ಹಿಡಿದು ಕೂಗುವುದಕ್ಕೂ ವ್ಯತ್ಯಾಸ ಇಲ್ವಾ? ನಮಗಾದರೆ ಅದು ತಕ್ಷಣ ತಾಗುತ್ತದೆ. ನಿಮಗೆ ಮನಸ್ಸಿಗೆ ಹತ್ತದ್ದಕ್ಕೆ ಅರ್ಧ ಕಾರಣ ಆ ಸಬ್‌ಟೈಟಲ್ ಅಂತ ನನ್ನ ಲೆಕ್ಕ.

ಅರ್ಧ_ಲೋಟ_ಕಾಫಿ

@ಕಡಲ_ಕಡೆಯವ ಅಣ್ಣನ ವಿಷಯ ಹೌದು, ನಾನು ಗಮನಿಸಿರಲಿಲ್ಲ. ಅಕ್ಷರದ ಕಡೆಗೇ ಕಣ್ಣು.

@ಕಿರಾಣಿ_ಹುಡುಗ ನಾನು ಎರಡು ದಿನ ಯೋಚಿಸಿದ್ದನ್ನು ನೀವು ಒಂದು ಸ್ಟೂಲ್‌ನಲ್ಲಿ ಹೇಳಿಬಿಟ್ಟಿರಿ. ಇವತ್ತು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮೊದಲ ಸಂಚಿಕೆ ಮತ್ತೆ ಹಾಕಿದೆ. ಪುಂಡರು ಬರುವ ಮೊದಲೇ ನಿಲ್ಲಿಸಿದೆ. ಅಲ್ಲಿಯವರೆಗೆ ಇರೋದು ಬೇರೆಯೇ ಕಥೆ ಅನಿಸಿತು, ಆ ಕಥೆ ನನಗೆ ಪೂರ್ತಿ ಬೇಕಿತ್ತು.

ಇದೇ ತರಹದ್ದು, ಆದರೆ ಕೊನೆಯವರೆಗೂ ಹಿಡಿತ ಬಿಡದ್ದು ಯಾವುದಾದರೂ ಇದ್ದರೆ ಹೇಳಿ. ಇಪ್ಪತ್ತು ಸಂಚಿಕೆ ಆದರೆ ಬೇಡ, ಕೆಲಸ ಇದೆ.

ಪಾಪ್‌ಕಾರ್ನ್_ಪರಮೇಶಿ

ಮೈ ನೇಮ್ ನೋಡಿ, 2021ರದ್ದು, ಎಂಟೇ ಸಂಚಿಕೆ. ನಾಯಕಿ ಹಾನ್ ಸೋ-ಹೀ. ಬಾಗಿಲಿನ ಆಚೆ ಅಪ್ಪ ಸಾಯ್ತಾನೆ, ಈಚೆ ಮಗಳು. ಕೊಂದವನನ್ನು ಹುಡುಕಲು ಗ್ಯಾಂಗ್ ಸೇರಿ, ಗ್ಯಾಂಗಿನ ಕಡೆಯಿಂದ ಪೊಲೀಸ್ ಆಗ್ತಾಳೆ. ತಿರುವು ನೀವು ಮೊದಲೇ ಊಹಿಸಬಹುದು, ನಾನೂ ಊಹಿಸಿದೆ. ಆದರೆ ಅವಳ ಸಿಟ್ಟು ಮೊದಲ ಸಂಚಿಕೆಯಲ್ಲಿ ಎಲ್ಲಿತ್ತೋ ಎಂಟರಲ್ಲೂ ಅಲ್ಲೇ ಇರುತ್ತದೆ, ಕಥೆ ಬೇರೆ ಕಡೆ ಓಡಲ್ಲ. ಸ್ವಲ್ಪ ಜಾಸ್ತಿ ಟೈಮ್ ಇದ್ದರೆ ದಿ ವರ್ಸ್ಟ್ ಆಫ್ ಈವಿಲ್, 12 ಸಂಚಿಕೆ, 1990ರ ದಶಕದ ಸಿಯೋಲ್‌ನ ಗಂಗ್ನಮ್. ಅದರಲ್ಲಿ ಗ್ಯಾಂಗಿನೊಳಗೆ ಸೇರಿದ ಪೊಲೀಸ್‌ಗೆ ಆ ಬದುಕೇ ರುಚಿ ಹತ್ತುತ್ತಾ ಹೋಗುತ್ತದೆ, ನೋಡೋಕೆ ಕಸಿವಿಸಿ.

ಕಡಲ_ಕಡೆಯವ

ಮೈ ನೇಮ್ ಊಟ ಮಾಡ್ತಾ ನೋಡಬೇಡಿ. ಅಷ್ಟೇ ಹೇಳುವುದು.

ಕಿರಾಣಿ_ಹುಡುಗ

ಮೈ ನೇಮ್ ನನ್ನದೂ ಬಾಕಿ ಇದೆ, ಈ ವಾರ ನೋಡ್ತೀನಿ.

ಕಾಫಿಯವರೇ, ಆ ಸ್ಟೂಲ್ ಈಗಲೂ ಅಂಗಡಿಯಲ್ಲಿದೆ. ಅಪ್ಪ ಅದರ ಮೇಲೆ ಎಣ್ಣೆ ಡಬ್ಬ ಇಟ್ಟಿದ್ದಾರೆ. ಯಾರಾದರೂ ಗಿರಾಕಿ ಕೂರಲು ಹೋದರೆ "ಅದು ಅಲ್ಲಾಡುತ್ತೆ" ಅಂತ ಹೇಳಿ ಕುರ್ಚಿ ತಂದುಕೊಡ್ತಾರೆ. ಅಲ್ಲಾಡಲ್ಲ, ನಾನು ನೋಡಿದ್ದೀನಿ.