ನಳ್ಳಿ, ಫೂಟ್ ವಾಲ್ವ್, ಹಳೇ ಪಾತ್ರೆ: ಗುಜರಿಗೆ ಹಾಕುವ ಮೊದಲು ಹಿತ್ತಾಳೆ ಬೇರೆ ಮಾಡುವುದು ಹೇಗೆ?

ಪಂಪ್‌ಶೆಡ್ (ಬದಿಯಡ್ಕ):
ಹಳೇ ಮನೆಯದ್ದು, ತೋಟದ ಪಂಪ್‌ಶೆಡ್ಡಿನದ್ದು ಎಲ್ಲ ಸೇರಿ 40 ಕಿಲೋದಷ್ಟು ಮಾಲು ಉಂಟು. ನಳ್ಳಿಗಳು, ಗೇಟ್ ವಾಲ್ವ್, ಬಾವಿ ಪೈಪಿನ ಬುಡಕ್ಕೆ ಹಾಕುವ ಫೂಟ್ ವಾಲ್ವ್ ಎರಡು, ಸ್ಪ್ರಿಂಕ್ಲರ್ ಜೆಟ್ಟು, ಅಡಿಕೆಗೆ ಮದ್ದು ಬಿಡುವ ಪಂಪಿನ ಬ್ಯಾರೆಲ್, ಬಾಗಿಲಿನ ಹಿಡಿಗಳು, ಒಂದು ಉರುಳಿ (ಅಗಲ ಬಾಯಿಯ ಅಡುಗೆ ಪಾತ್ರೆ), 2 ಗಿಂಡಿ (ಮೂತಿ ಇರುವ ನೀರಿನ ಪಾತ್ರೆ). ಗುಜರಿಯವರು ಎಲ್ಲದಕ್ಕೂ "ಮಿಕ್ಸ್" ಅಂತ ಒಂದೇ ರೇಟು ಹೇಳ್ತಾರೆ. ಬೇರೆ ಮಾಡಿ ಕೊಟ್ಟರೆ ಪ್ರಯೋಜನ ಉಂಟಾ? ಮ್ಯಾಗ್ನೆಟಿಗೆ ಅಂಟದ್ದೆಲ್ಲ ಹಿತ್ತಾಳೆ ಅಂತ ಲೆಕ್ಕ ಹಾಕಬಹುದಾ?

ಎರಕದಮನೆ:
ಮ್ಯಾಗ್ನೆಟ್ ಕಬ್ಬಿಣವನ್ನು ಹಿಡಿದು ಕೊಡ್ತದೆ, ಅಷ್ಟೇ. ಅಂಟದೆ ಉಳಿದದ್ದರಲ್ಲಿ ಹಿತ್ತಾಳೆ, ಗನ್‌ಮೆಟಲ್ (ವಾಲ್ವಿಗೆ ಬಳಸುವ, ತಾಮ್ರ ಹೆಚ್ಚಿರುವ ಮಿಶ್ರಲೋಹ), ಕಂಚು, ತಾಮ್ರದ ಜೊತೆಗೆ ಸತುವಿನ ಎರಕವೂ ಇರ್ತದೆ. ಮೋಸ ಹೋಗುವುದು ಈ ಸತುವಿನಲ್ಲೇ. ಕ್ರೋಮ್ ಹೊಳಪಿನ ನಳ್ಳಿಯ ಹಿಡಿ, ಶವರಿನ ತುಂಡು, ಹೊಸ ನಮೂನೆಯ ಬಾಗಿಲಿನ ಹಿಡಿ ಬಹಳಷ್ಟು ಅದೇ. ಇಂಥ ನಾಲ್ಕು ತುಂಡು ಗೋಣಿಯ ಮೇಲೆ ಕಂಡರೆ ಸಾಕು, ಅಂಗಡಿಯವರು ಇಡೀ ಗೋಣಿಗೆ ಮಿಕ್ಸ್ ರೇಟು ಕಟ್ಟುತ್ತಾರೆ.

ಮೊದಲು ಮ್ಯಾಗ್ನೆಟ್ ಹಿಡಿಯಿರಿ. ಹಿತ್ತಾಳೆ ಬಣ್ಣದ ಹಿಂಜ್, ಕೊಕ್ಕೆ, ಪರದೆ ಸಲಾಕೆಗಳಲ್ಲಿ ಅರ್ಧಕ್ಕರ್ಧ ಅಲ್ಲೇ ಹೊರಗೆ ಹೋಗ್ತವೆ. ಉಳಿದದ್ದಕ್ಕೆ ಅರ ತೆಗೆದುಕೊಂಡು ಮೂಲೆಯಲ್ಲಿ 4–5 ಸಲ ಗಟ್ಟಿಯಾಗಿ ತಿಕ್ಕಿ, ಹೊಸ ಬಣ್ಣವನ್ನು ಬಿಸಿಲಲ್ಲಿ ನೋಡಿ. ಬಿಳಿ ಅಥವಾ ಬೂದು ಬಂದರೆ ಸತು, ತಿಳಿ ಹಳದಿ ಹಿತ್ತಾಳೆ, ಕೇಸರಿಯತ್ತ ತಿರುಗಿದ ನಸುಗೆಂಪು ಗನ್‌ಮೆಟಲ್, ಪೂರ್ತಿ ಕೆಂಪಾದರೆ ತಾಮ್ರ. ಖಂಡಿತ ಹಿತ್ತಾಳೆ ಎಂದು ಗೊತ್ತಿರುವ ಒಂದು ಜೆಟ್ಟನ್ನು ತಿಕ್ಕಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಬಣ್ಣವನ್ನು ನೆನಪಿನಿಂದ ಹೇಳಲು ಹೋದರೆ ತಪ್ಪುತ್ತದೆ.

ಒಂದು ಎಚ್ಚರಿಕೆ. ನಮ್ಮ ಮುರಕಲ್ಲಿನ ಕಡೆಯ ಬಾವಿ ನೀರಿಗೆ ಹುಳಿ ಗುಣ ಜಾಸ್ತಿ. ವರ್ಷಗಟ್ಟಲೆ ನೀರಲ್ಲಿದ್ದ ವಾಲ್ವಿನ ಮೇಲ್ಮೈಯಿಂದ ಸತು ಕರಗಿಹೋಗಿ ತಾಮ್ರ ಮಾತ್ರ ಉಳಿಯುತ್ತದೆ. ನೋಡುವುದಕ್ಕೆ ಗನ್‌ಮೆಟಲಿನ ಹಾಗೇ ಕೆಂಪು. ಇನ್ನಷ್ಟು ಆಳಕ್ಕೆ ಅರ ಹಾಕಿ. ಒಳಗೆ ಹಳದಿ ಕಂಡರೆ ಅದು ಹಿತ್ತಾಳೆಯೇ. ಆ ಕೆಂಪು ಪದರ ಉಗುರಿಗೆ ಪುಡಿಪುಡಿಯಾಗಿ ಬರುವುದೂ ಉಂಟು.

ಗನ್‌ಮೆಟಲ್ ಬೇರೆ ಇಡಲೇಬೇಕು. ಅದರಲ್ಲಿ ತಾಮ್ರ ಶೇಕಡಾ 85ರ ಆಸುಪಾಸು, ಜೊತೆಗೆ ತವರ ಇರ್ತದೆ. ಹಳದಿ ಹಿತ್ತಾಳೆಯಲ್ಲಿ ತಾಮ್ರ ಶೇಕಡಾ 60–70, ಉಳಿದದ್ದು ಹೆಚ್ಚಾಗಿ ಸತು. ನಿಮ್ಮ ಗೇಟ್ ವಾಲ್ವ್, ಫೂಟ್ ವಾಲ್ವ್ ಗನ್‌ಮೆಟಲ್ ಆಗಿರಲೂಬಹುದು, ತಿಕ್ಕಿಯೇ ನೋಡಿ. ಹಳೇ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ಒಳಚಕ್ರ) ಸಿಕ್ಕಿದರೂ ಹಾಗೆಯೇ. ಬೋಟಿನ ಪ್ರೊಪೆಲ್ಲರ್ ತುಂಡು ಮಾತ್ರ ಈ ಗೋಣಿಗೆ ಬೇಡ. ಅದರಲ್ಲಿ ಅಲ್ಯುಮಿನಿಯಂ ಸೇರಿರ್ತದೆ, ಚೂರು ಬೆರೆತರೂ ಆ ಗನ್‌ಮೆಟಲಿನಲ್ಲಿ ಎರಕ ಹೊಯ್ದ ವಾಲ್ವು ಸೋರುತ್ತದೆ. ಗೊತ್ತಿರುವ ಅಂಗಡಿಯವರು ಕಂಡ ಕೂಡಲೇ ರೇಟು ಇಳಿಸ್ತಾರೆ.

ತಕ್ಕಡಿ_ಕುಂಬಳೆ:
ಅರದಲ್ಲೂ ಸಂಶಯ ಉಳಿದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ತುಂಡನ್ನು ಮೊದಲು ಹಾಗೆಯೇ ತೂಗಿ. ಆಮೇಲೆ ನೀರು ತುಂಬಿದ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ತುಂಡನ್ನು ನೂಲಿಗೆ ಕಟ್ಟಿ ತಳಕ್ಕೂ ಬದಿಗೂ ತಾಗದ ಹಾಗೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಮೊದಲ ತೂಕವನ್ನು ಈಗ ಕಾಣುವ ಅಂಕೆಯಿಂದ ಭಾಗಿಸಿದರೆ ಸಾಂದ್ರತೆ ಸಿಗ್ತದೆ. 850 ಗ್ರಾಮಿನ ನಳ್ಳಿಗೆ 100 ತೋರಿಸಿದರೆ 8.5, ಹಿತ್ತಾಳೆ. 127ರ ಹತ್ತಿರ ತೋರಿಸಿದರೆ 6.7, ಅದು ಸತುವಿನ ಎರಕ. ಪ್ಲಾಸ್ಟಿಕ್, ರಬ್ಬರ್ ಎಲ್ಲ ಬಿಚ್ಚಿರಬೇಕು, ಒಳಗೆ ಗಾಳಿ ನಿಲ್ಲಬಾರದು. ಗಾಳಿ ನಿಂತರೆ ಒಳ್ಳೆ ಹಿತ್ತಾಳೆಯೂ ಸತುವಿನ ಲೆಕ್ಕ ಕೊಡ್ತದೆ. 200 ಗ್ರಾಮಿಗಿಂತ ಸಣ್ಣ ತುಂಡಿಗೆ ಇದನ್ನು ನಂಬಬೇಡಿ. ಗನ್‌ಮೆಟಲಿಗೂ ಹಿತ್ತಾಳೆಗೂ ವ್ಯತ್ಯಾಸ ತೀರಾ ಕಡಿಮೆ, ಅಲ್ಲಿ ಬಣ್ಣವೇ ಗತಿ.

ಬಿಚ್ಚುವ ವಿಷಯ: ವಾಲ್ವಿನ ಕಬ್ಬಿಣದ ಚಕ್ರ, ನಳ್ಳಿಯ ವಾಷರ್, ಟೇಪು, ಅಂಟಿದ ಸಿಮೆಂಟು ಹೋಗಬೇಕು. ಮದ್ದಿನ ಪಂಪಿನ ಬ್ಯಾರೆಲ್ ಒಳಗೆ ಸುಣ್ಣ ಗಟ್ಟಿಯಾಗಿ ಕೂತಿರ್ತದೆ, ಸಲಾಕೆಯಲ್ಲಿ ಕೆರೆದು ತೆಗೆಯಿರಿ. ತುಕ್ಕು ಹಿಡಿದು ಬಾರದ ಸ್ಕ್ರೂ ಇದ್ದರೆ ಒಂದು ಪೆಟ್ಟು ಕೊಟ್ಟು ನೋಡಿ, ಆಗದಿದ್ದರೆ "ಕಬ್ಬಿಣ ಇರುವ ಹಿತ್ತಾಳೆ" ಅಂತ ಬೇರೆ ಚೀಲಕ್ಕೆ ಹಾಕಿ. 100 ಗ್ರಾಮಿಗಾಗಿ ಅರ್ಧ ಗಂಟೆ ಕೂರುವುದು ಲಾಭ ಅಲ್ಲ. ಹುಣಸೆಹುಳಿ ಹಾಕಿ ತಿಕ್ಕುವುದೂ ಬೇಡ, ಕಿಲುಬಿಗೆ ಯಾರೂ ರೇಟು ಕಡಿಮೆ ಮಾಡುವುದಿಲ್ಲ. ಕರಗಿಸಿ ಗಟ್ಟಿ ಮಾಡಿ ಕೊಡುವ ಉಪಾಯವನ್ನಂತೂ ಮರೆತುಬಿಡಿ. ಸತು ಹೊಗೆಯಾಗಿ ಹೋಗ್ತದೆ, ಆ ಹೊಗೆ ಕುಡಿದರೆ ಚಳಿಜ್ವರ ಬರ್ತದೆ, ಗಟ್ಟಿಯಲ್ಲಿ ಏನು ಬೆರೆತಿದೆಯೋ ಅಂತ ಕೊಳ್ಳುವವರಿಗೂ ಸಂಶಯ.

ಗಡಿನಾಡ_ಗಿರಾಕಿ:
ಇನ್ನೊಂದು, ಮಾತಿನ ತೊಂದರೆ! ಕಾಸರಗೋಡಿನಿಂದ ತೆಂಕಕ್ಕೆ ಹೋದ ಹಾಗೆ ಅಂಗಡಿಯಲ್ಲಿ ಮಲಯಾಳವೇ. ಅಲ್ಲಿ ಹಿತ್ತಾಳೆ ಅಂದರೆ "ಪಿಚ್ಚಳ". "ಚೆಂಬು" ಅಂದರೆ ತಾಮ್ರ, ನಮ್ಮ ನೀರಿನ ಚೆಂಬು ಅಲ್ಲ. "ಓಡು" ಅಂದರೆ ಕಂಚು, ಮಾಡಿನ ಹಂಚಿಗೂ ಅದೇ ಹೆಸರು. ಫೋನಿನಲ್ಲಿ "ಹಿತ್ತಾಳೆ ಚೆಂಬು ಉಂಟು" ಅಂತ ರೇಟು ಕೇಳಿದರೆ ತಾಮ್ರದ ರೇಟು ಹೇಳಿ, ಅಲ್ಲಿಗೆ ಹೋದ ಮೇಲೆ ಜಗಳ. ಫೋಟೋ ಕಳಿಸಿ ಕೇಳಿ. ಒಂದೊಂದು ಚೀಲವನ್ನೂ ಮನೆಯಲ್ಲೇ ತೂಗಿ ಬರೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ನೆಲಕ್ಕೆ ಸುರಿಯುವ ಮೊದಲೇ ಚೀಲವೊಂದಕ್ಕೆ ರೇಟು ಮಾತಾಡಿ. ಸುರಿದ ಮೇಲೆ ಎಲ್ಲ ಒಂದೇ ರಾಶಿ.

ಉರುಳಿಯನ್ನು ಗುಜರಿಗೆ ಹಾಕಬೇಡಿ ಮಾರಾಯ್ರೆ. ಕೈಯಲ್ಲಿ ಎತ್ತಿ ಹಿಡಿದು ಮರದ ಕೋಲಲ್ಲಿ ಮೆಲ್ಲ ಹೊಡೆಯಿರಿ, ಗಂಟೆಯ ಹಾಗೆ ತುಂಬ ಹೊತ್ತು ನಾದ ಉಳಿದರೆ ಕಂಚು. ಕಂಚಿನಲ್ಲಿ ಸುಮಾರು 78 ಪಾಲು ತಾಮ್ರ, 22 ಪಾಲು ತವರ. ತವರ ತಾಮ್ರಕ್ಕಿಂತ ದುಬಾರಿ. ಹಾಗಿದ್ದೂ ಸಣ್ಣ ಗುಜರಿಯಲ್ಲಿ ಅದು ಹಿತ್ತಾಳೆ ರೇಟಿಗೇ ಹೋಗ್ತದೆ. ಪಾತ್ರೆ ಅಂಗಡಿಯಲ್ಲಿ ಬದಲಿಗೆ ಕೇಳಿ, ಇಲ್ಲವೇ ಪಯ್ಯನ್ನೂರು ಹತ್ತಿರದ ಕುಂಞಿಮಂಗಲದಲ್ಲಿ ಕಂಚು ಎರಕದ ಕೆಲಸದವರಿದ್ದಾರೆ, ಅಲ್ಲಿ ವಿಚಾರಿಸಿ. ಸುತ್ತಿಗೆಯಲ್ಲಿ ಪರೀಕ್ಷೆ ಮಾಡಬೇಡಿ, ಕಂಚು ತಗ್ಗುವುದಿಲ್ಲ, ಒಡೆಯುತ್ತದೆ.

ಪಂಪ್‌ಶೆಡ್ (ಬದಿಯಡ್ಕ):
ಉರುಳಿ ತೆಗೆದಿಟ್ಟೆ. ಗಿಂಡಿಯ ಒಳಗೆ ಮಾತ್ರ ಬೆಳ್ಳಗೆ ಉಂಟು, ಅದೂ ಸತುವಾ?

ಎರಕದಮನೆ:
ಅಲ್ಲ, ಅದು ಕಲಾಯಿ, ತವರದ ತೆಳು ಲೇಪ. ಒಳಗೆ ತಿಕ್ಕಬೇಡಿ, ಬುಡದ ಹೊರ ಅಂಚಿಗೆ ಅರ ಹಾಕಿ. ಕೆಂಪು ಬಂದರೆ ತಾಮ್ರದ ಚೀಲ, ಹಳದಿ ಬಂದರೆ ಹಿತ್ತಾಳೆ ಚೀಲ. ಮೂತಿಯನ್ನು ಬೆಸುಗೆ ಹಾಕಿ ಕೂರಿಸಿದ್ದರೆ ಅದರ ಬಣ್ಣವನ್ನೂ ಬೇರೆಯಾಗಿ ನೋಡಿ, ಮೈ ತಾಮ್ರ ಮೂತಿ ಹಿತ್ತಾಳೆ ಇರುವುದೂ ಉಂಟು.